ಕಿಟಕಿಯ ಬಣ್ಣದಲ್ಲಿದ್ದ ಸೀಸ

ಹಳೇ ಪೇಟೆಯ ಆ ವಠಾರದಲ್ಲಿ ಟೈಲರಕ್ಕನ ಮನೆಯಷ್ಟು ಚೊಕ್ಕಟವಾದ ಮನೆ ಇನ್ನೊಂದಿರಲಿಲ್ಲ. ಕಿಟಕಿ ಪಕ್ಕ ಹೊಲಿಗೆ ಮೆಷಿನ್, ಅದರ ಹತ್ತಿರ ಚಾಪೆ, ಚಾಪೆ ಮೇಲೆ ಮಗಳು. ಪಕ್ಕದ ಮನೆಯ ಬೇಕರಿಯವಳೂ ಕೆಲಸಕ್ಕೆ ಹೋಗುವಾಗ ತನ್ನ ಮಗನನ್ನು ಅಲ್ಲೇ ಬಿಟ್ಟುಹೋಗುತ್ತಿದ್ದಳು. "ನಿಮ್ಮನೇಲಿ ಬಿಟ್ರೆ ನಂಗೆ ಚಿಂತೆ ಇಲ್ಲಕ್ಕ" ಅನ್ನುತ್ತಿದ್ದಳು.

ಬರಬರುತ್ತಾ ಟೈಲರಕ್ಕನ ಮಗಳು ಊಟ ಬಿಟ್ಟಳು. ಹೊಟ್ಟೆನೋವು ಅಂತ ಅಳುತ್ತಿದ್ದಳು. ಆಡುತ್ತಿದ್ದ ಮಾತೂ ಕಮ್ಮಿಯಾಯಿತು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ಆಮೇಲೆ ಆರೋಗ್ಯ ಕೇಂದ್ರದ ಸಿಸ್ಟರ್ ಮನೆಗೇ ಬಂದರು.

"ಅಕ್ಕ, ಮಗು ರಕ್ತದಲ್ಲಿ ಸೀಸ ಸೇರಿದೆ."

"ಸೀಸದ ಕಡ್ಡಿ ಕಚ್ತಾಳೆ ಸಿಸ್ಟರ್, ಅದಕ್ಕೇ ಇರಬೇಕು."

"ಹೆಸರಿಗಷ್ಟೇ ಅದು ಸೀಸದ ಕಡ್ಡಿ. ಅದರಲ್ಲಿ ಸೀಸ ಇರಲ್ಲ. ಈ ಕಿಟಕಿಗೆ ಬಣ್ಣ ಹಚ್ಚಿ ಎಷ್ಟು ಕಾಲ ಆಯ್ತು?"

"ನಮ್ಮತ್ತೆ ಮದುವೆಯಾಗಿ ಬಂದಾಗಲೂ ಇದೇ ಬಣ್ಣ ಇತ್ತಂತೆ."

"ಆಗಿನ ಎಷ್ಟೋ ಬಣ್ಣಗಳಲ್ಲಿ ಸೀಸ ಇರ್ತಿತ್ತು. ಕಿಟಕಿ ತೆಗೆದು ಹಾಕಿ ಮಾಡಿದಾಗೆಲ್ಲ ಪುಡಿ ಉದುರುತ್ತೆ. ಮಕ್ಕಳು ನೆಲ ಮುಟ್ಟಿದ ಕೈನ ಬಾಯಿಗೆ ಹಾಕ್ತಾರೆ."

"ನಾನು ದಿನಾ ಎರಡು ಹೊತ್ತು ಗುಡಿಸ್ತೀನಿ. ನನ್ನ ಮನೇಲಿ ಧೂಳಾ?"

"ಒಣ ಪೊರಕೆ ಆಡಿಸಿದ್ರೆ ಆ ಪುಡಿ ಮೇಲೆದ್ದು ಮತ್ತೆ ಕೂರುತ್ತೆ ಅಕ್ಕ. ಒದ್ದೆ ಬಟ್ಟೇಲಿ ಒರೆಸಬೇಕು. ಇದು ನಿಮ್ಮ ತಪ್ಪಲ್ಲ. ಮುಂದಿನ ವಾರ ತಪಾಸಣಾ ಶಿಬಿರ ಇದೆ. ವಠಾರದ ಎಲ್ಲ ತಾಯಂದಿರಿಗೂ ಹೇಳಿ, ಮಕ್ಕಳನ್ನ ಕರ್ಕೊಂಡು ಬನ್ನಿ."

ಟೈಲರಕ್ಕ ಹೂಂಗುಟ್ಟಿದಳು. ಆದರೆ ಯಾರಿಗೂ ಹೇಳಲಿಲ್ಲ. ಮೇಲೆ ಥಳಕು, ಒಳಗೆ ಹುಳುಕು ಅಂತ ಜನ ಆಡಿಕೊಂಡರೆ? ಸಂಜೆ ಬೇಕರಿಯವಳು "ಸಿಸ್ಟರ್ ಯಾಕೆ ಬಂದಿದ್ರಕ್ಕ?" ಅಂದಾಗ, "ಏನಿಲ್ಲ, ಟಾನಿಕ್ ಕೊಡೋಕೆ" ಅಂದುಬಿಟ್ಟಳು. ಬಾಗಿಲು ಹಾಕಿಕೊಂಡು ತನ್ನ ಕಿಟಕಿ ಒರೆಸಿದಳು. ಶಿಬಿರ ಬಂತು, ಹೋಯಿತು.

ತಿಂಗಳು ಕಳೆಯುವಷ್ಟರಲ್ಲಿ ಬೇಕರಿಯವಳ ಮಗನಿಗೂ ಹೊಟ್ಟೆನೋವು, ವಾಂತಿ ಶುರುವಾಯಿತು. ಆಸ್ಪತ್ರೆಯಿಂದ ಬಂದವಳು ನೇರ ಇಲ್ಲಿಗೇ ಬಂದಳು.

"ಮಗು ರಕ್ತದಲ್ಲಿ ಸೀಸ ಅಂತೆ ಅಕ್ಕ. ಬೇಕರಿಯಿಂದ ನಾನೇ ಏನೋ ತಂದು ತಿನ್ನಿಸಿಬಿಟ್ಟೆನಾ?"

ಅವಳು ತನ್ನನ್ನೇ ಬೈದುಕೊಳ್ಳುವುದನ್ನು ಟೈಲರಕ್ಕನಿಗೆ ಕೇಳಲಾಗಲಿಲ್ಲ. ತಲೆ ತಗ್ಗಿಸಿ ಎಲ್ಲ ಹೇಳಿದಳು.

ಬೇಕರಿಯವಳು ಕೂಗಾಡಲಿಲ್ಲ. "ನಿಮಗೆ ಗೊತ್ತಿತ್ತಾ? ಗೊತ್ತಿದ್ದೂ ನನ್ನ ಮಗೂನ ಇಲ್ಲೇ ಕೂರಿಸ್ತಿದ್ರಾ?" ಅಂದಳು. ಮಗನನ್ನು ಎತ್ತಿಕೊಂಡು ಹೋದಳು.

ಟೈಲರಕ್ಕನಿಗೆ ತನ್ನ ಮುಖ ತನಗೇ ಬೇಡವಾಯಿತು.

ಮರುದಿನ ಅವಳು ಮನೆಮನೆಯ ಬಾಗಿಲು ತಟ್ಟಿದಳು. "ನನ್ನ ಮಗಳ ರಕ್ತದಲ್ಲಿ ಸೀಸ ಇದೆ. ನಾನು ಮುಚ್ಚಿಟ್ಟೆ. ನಿಮ್ಮ ಮಕ್ಕಳಿಗೂ ಪರೀಕ್ಷೆ ಮಾಡಿಸಿ" ಅಂದಳು. ಕೆಲವರು ಮುಖ ತಿರುಗಿಸಿದರು. ಆದರೂ ಮಕ್ಕಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಇನ್ನೂ ಕೆಲವು ಮಕ್ಕಳಲ್ಲಿ ಸೀಸ ಸಿಕ್ಕಿತು.

ವಠಾರದ ಮಾಲೀಕರು ಮಾತ್ರ ನಂಬಲಿಲ್ಲ. "ನಾನೂ ಇಲ್ಲೇ ಬೆಳೆದವನು. ನನಗೇನಾಗಿದೆ?" ಅಂದರು.

"ನಿಮಗೆ ಏನಾಗಿದೆ ಅಂತ ಯಾರು ಪರೀಕ್ಷೆ ಮಾಡಿದ್ರು ಯಜಮಾನ್ರೆ?" ಅಂದಳು ಬೇಕರಿಯವಳು. ಹೆಂಗಸರೆಲ್ಲ ಅಂಗಳದಿಂದ ಕದಲಲಿಲ್ಲ. ಕೊನೆಗೆ ಅವರು ಹಳೇ ಬಣ್ಣ ತೆಗೆಸಲು ಒಪ್ಪಿದರು.

ತರಬೇತಿ ಪಡೆದ ಪೇಂಟರ್‌ಗಳು ಬಂದರು. ಮಕ್ಕಳನ್ನು ನೆಂಟರ ಮನೆಗೆ ಕಳಿಸಿ, ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ನೀರು ಚಿಮುಕಿಸಿಯೇ ಹಳೇ ಬಣ್ಣ ಕೆರೆದರು.

ಮಕ್ಕಳ ರಕ್ತದಲ್ಲಿ ಸೀಸ ಈಗ ನಿಧಾನವಾಗಿ ಇಳಿಯುತ್ತಿದೆ. ಕಲಿಕೆಗೆ ಎಷ್ಟು ಪೆಟ್ಟು ಬಿದ್ದಿದೆಯೋ, ಡಾಕ್ಟರೂ ಹೇಳಲಾರರು. ಮೊನ್ನೆ ಪರೀಕ್ಷೆಯ ಸಾಲಿನಲ್ಲಿ ಬೇಕರಿಯವಳು ಟೈಲರಕ್ಕನ ಪಕ್ಕ ಬಂದು ಕೂತಳು.

"ಬಾಯಿಬಿಟ್ಟು ಹೇಳಿದ್ರಲ್ಲ, ಅದಕ್ಕೆ ಮಾತಾಡ್ತಿದೀನಿ. ಮರೆತಿಲ್ಲ" ಅಂದಳು.

"ಮರೀಬೇಡ" ಅಂದಳು ಟೈಲರಕ್ಕ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮದು ಹಳೇ ಮನೆಯೇ? ಬಣ್ಣ ಏಳುತ್ತಿದೆಯೇ? ಒಣದಾಗಿ ಕೆರೆಯಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ. ಉಣ್ಣುವ ಮುಂಚೆ ಮಕ್ಕಳ ಕೈ ತೊಳೆಸಿ, ರಕ್ತ ಪರೀಕ್ಷೆ ಮಾಡಿಸಿ. ಸೀಸ ಸಿಕ್ಕಿದರೆ ಅದು ನಿಮ್ಮ ಮನೆಗೆ ಅವಮಾನವಲ್ಲ. ಇವತ್ತೇ ಪಕ್ಕದ ಮನೆಯವರಿಗೆ ಹೇಳಿ.