ಕಾಶ್ಯಪ ಗೋತ್ರದ ಕ್ಯಾಪ್ಟನ್

ದೆಹಲಿಯ ಪೀತಮ್‌ಪುರದ ಚಿದಂಬರ ಅವರ ಮನೆಯಲ್ಲಿ ಏಳು ವರ್ಷಗಳಿಂದ ಒಬ್ಬ ಐರಿಷ್ ಕುದುರೆ ಸವಾರ ಬೀಡುಬಿಟ್ಟಿದ್ದ. ಹೆಸರು ಕ್ಯಾಪ್ಟನ್ ಕಾರ್ಮಾಕ್ ಡೆವ್ಲಿನ್. ಸತ್ತು ಇನ್ನೂರ ನಲವತ್ತು ವರ್ಷವಾಗಿದ್ದರೂ ಎದ್ದುಹೋಗುವ ಲಕ್ಷಣವಿರಲಿಲ್ಲ. ಮಗಳು ಹರ್ಷಿಣಿ ಅವನ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು.

ಅವನ ಕಥೆ ಮನೆಮಂದಿಗೆಲ್ಲ ಬಾಯಿಪಾಠ. ಐರ್ಲೆಂಡಿನ ಬಡ ಹಳ್ಳಿಯಲ್ಲಿ ಹುಟ್ಟಿ, ಹತ್ತೊಂಬತ್ತಕ್ಕೆ ಹಡಗು ಹತ್ತಿ ಅಮೆರಿಕಕ್ಕೆ ಹೋದ. ಅಲ್ಲಿ ಕುದುರೆಗಳಿಗೆ ಲಾಳ ಹೊಡೆದ. ಅಲ್ಲಿಯವರು ಇಂಗ್ಲಿಷ್ ರಾಜನ ಮೇಲೆ ದಂಗೆ ಎದ್ದಾಗ, ಕುದುರೆಯ ಮೇಲಿಂದ ಬೀಳುವುದಿಲ್ಲ ಎಂಬ ಒಂದೇ ಅರ್ಹತೆಯಿಂದ ಅಶ್ವದಳ ಸೇರಿ ಕ್ಯಾಪ್ಟನ್ ಆದ. ಆರು ಕಾಳಗ, ಮೂರು ಗಾಯ. ಹೆಂಡತಿಯಿಲ್ಲ, ಮಕ್ಕಳಿಲ್ಲ. ಏಳನೆಯ ಕಾಳಗದಲ್ಲಿ ಹೊಳೆ ದಾಟುವಾಗ ಗುಂಡು ತಗುಲಿ ವೀರಮರಣ. ಆ ಒಂದು ಅಧ್ಯಾಯ ಬರೆದರೆ ಮುಗಿಯಿತು. ಆದರೆ ಹರ್ಷಿಣಿ ಹೊಳೆಯ ದಡಕ್ಕೆ ಬಂದವಳು ಎಂಟು ತಿಂಗಳಿಂದ ಅಲ್ಲೇ ನಿಂತುಬಿಟ್ಟಿದ್ದಳು. ಯೂನಿವರ್ಸಿಟಿ ಕೊಟ್ಟ ಕೊನೆಯ ಗಡುವಿಗೆ ಹತ್ತೇ ದಿನ. ಅದೂ ತಪ್ಪಿದರೆ ಏಳು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

"ಪಿಂಡ ಕಾಣದ ಜೀವ ರೀ ಅದು. ಅದಕ್ಕೇ ಅಡ್ಡಗಾಲು ಹಾಕ್ತಿದೆ," ಎಂದು ಹೆಂಡತಿ ಶೈಲಜಾ ತೀರ್ಪು ಕೊಟ್ಟರು. "ಮಹಾಲಯ ಅಮಾವಾಸ್ಯೆಗೆ ಹೇಗೂ ನಿಮ್ಮ ಅಪ್ಪ, ತಾತಂಗೆ ಇಡ್ತೀರಲ್ಲ, ಅವನಿಗೂ ಒಂದು ಇಟ್ಟುಬಿಡಿ."

ಚಿದಂಬರ ಮೂವತ್ತೇಳು ವರ್ಷ ಕೇಂದ್ರ ಸರ್ಕಾರದ ಫೈಲು ಹೊತ್ತು ನಿವೃತ್ತರಾದವರು. ಮನೆಗೆ ಮದುವೆಯ ಕರೆಯೋಲೆ ಬಂದರೂ ಪೆನ್ನು ತೆಗೆದು ತಿದ್ದುವ ಆಸಾಮಿ. ನಿಯಮದಲ್ಲಿ ಅವಕಾಶವಿದೆಯೇ ಎಂದು ಫರೀದಾಬಾದಿನ ಸುರೇಶ ಶಾಸ್ತ್ರಿಗಳಿಗೆ ಫೋನು ಮಾಡಿದರು. ಅವಕಾಶವಿತ್ತು. ದಿಕ್ಕಿಲ್ಲದ ಜೀವಕ್ಕೆ ಯಾರು ಬೇಕಾದರೂ ಇಡಬಹುದು. ಗೋತ್ರ ಗೊತ್ತಿಲ್ಲದವರನ್ನು ಕಾಶ್ಯಪ ಗೋತ್ರಕ್ಕೆ ಸೇರಿಸಬಹುದು. ಹೀಗೆ ಕಾರ್ಮಾಕ್ ಡೆವ್ಲಿನ್ ಒಂದೇ ಫೋನಿನಲ್ಲಿ ಕಾಶ್ಯಪ ಗೋತ್ರದವನಾದ.

"ಅಪ್ಪ, ಅವನು ಕ್ಯಾಥೊಲಿಕ್ ಯಾರ್!" ಎಂದಳು ಹರ್ಷಿಣಿ.

"ಇರ್ಲಿ ಬಿಡಮ್ಮ. ಸಂಬಂಧ ಏನು ಅಂತ ಹೇಳಬೇಕಂತೆ. ಸ್ನೇಹಿತ ಅನ್ಲಾ?"

ಅಮಾವಾಸ್ಯೆಯ ಮಧ್ಯಾಹ್ನ ತಾರಸಿಯ ಮೇಲೆ ಎರಡು ಬಾಳೆಲೆ. ನೀರಿನ ಟ್ಯಾಂಕಿಗೆ ಒರಗಿಸಿದ ಫೋನಿನೊಳಗೆ ಶಾಸ್ತ್ರಿಗಳು. ದೆಹಲಿಯಲ್ಲಿ ಕಾಗೆ ಸಿಗುವುದೇ ಕಷ್ಟ, ಆದರೂ ಒಂದು ಬಂತು. ಚಿದಂಬರ ಅವರ ಪಿತೃಗಳ ಎಲೆಗೆ ಕೂಡಲೇ ಬಾಯಿ ಹಾಕಿತು. ಕ್ಯಾಪ್ಟನ್ನನ ಎಲೆಯಲ್ಲಿದ್ದ ಪಿಂಡ, ವಡೆ, ಪಾಯಸವನ್ನು ಕತ್ತು ಓರೆ ಮಾಡಿ ನೋಡಿತು. ನೋಡಿ, ಹಾರಿಹೋಗಿ ಡಿಶ್ ಆಂಟೆನಾದ ಮೇಲೆ ಕೂತಿತು. ಅಷ್ಟರಲ್ಲಿ ಪಾರಿವಾಳಗಳ ದಂಡೇ ಇಳಿಯಿತು.

"ಶಾಸ್ತ್ರಿಗಳೇ, ಕಾಗೆ ಒಪ್ತಾ ಇಲ್ಲ. ಪಾರಿವಾಳಕ್ಕೆ ಹಂಗಾಮಿ ಚಾರ್ಜ್ ಕೊಡೋಕೆ ಬರುತ್ತಾ?"

"ಅದಕ್ಕೆ ಅಧಿಕಾರ ಇಲ್ಲ ಸಾರ್. ಜೀವಕ್ಕೆ ಏನೋ ಆಸೆ ಉಳಿದಿದೆ. ಮಾತು ಕೊಡಿ, ಮುಟ್ಟುತ್ತೆ."

ಚಿದಂಬರ ಆಂಟೆನಾದ ಕಡೆ ಕೈಮುಗಿದರು. "ಕ್ಯಾಪ್ಟನ್ ಸಾಹೇಬರೇ, ನಿಮ್ಮ ಚರಿತ್ರೆ ಅಚ್ಚು ಹಾಕಿಸ್ತೀವಿ." ಕಾಗೆ ಕದಲಲಿಲ್ಲ. "ನಿಮ್ಮ ಕುದುರೆಗೂ ಒಂದು ಪಿಂಡ ಇಡ್ತೀವಿ." ಕುದುರೆ ಎಂದ ಕೂಡಲೇ ಅದು ಬೆನ್ನು ತಿರುಗಿಸಿ ಕೂತಿತು. "ಇಂಗ್ಲಿಷರು ಇಲ್ಲಿಂದಲೂ ಹೊರಟು ಹೋದರು ಸ್ವಾಮಿ, ನಿಶ್ಚಿಂತೆಯಾಗಿರಿ!" ಕಾಗೆ ಕೊಕ್ಕು ಉಜ್ಜಿಕೊಂಡಿತು.

ಕಾಗೆ ಮುಟ್ಟದೆ ಮನೆಯವರು ಉಣ್ಣುವಂತಿಲ್ಲ. ಗಂಟೆ ಎರಡೂವರೆಯಾಯಿತು. ಸಕ್ಕರೆ ಕಾಯಿಲೆಯ ಚಿದಂಬರ ತಲೆ ಸುತ್ತಿ ಗೋಡೆಗೆ ಒರಗಿ ಕೂತರು. ಅದನ್ನು ನೋಡಿ ಹರ್ಷಿಣಿ ತಡೆದುಕೊಳ್ಳಲಾರದೆ ಅತ್ತುಬಿಟ್ಟಳು.

"ಬಸ್ ಅಪ್ಪ, ಸಾಕು. ಅವನು ಹೊಳೆಯಲ್ಲಿ ಸಾಯ್ಲೇ ಇಲ್ಲ."

ಎಂಟು ತಿಂಗಳ ಹಿಂದೆ ಅವಳಿಗೊಂದು ಹಳೆಯ ಪತ್ರದ ಪ್ರತಿ ಸಿಕ್ಕಿತ್ತು. ಬರೆದವನು ಕ್ಯಾಪ್ಟನ್ನನ ಕುದುರೆ ನೋಡಿಕೊಳ್ಳುತ್ತಿದ್ದ ಆಳು. ಯುದ್ಧ ಮುಗಿದ ಮೇಲೆ ಕ್ಯಾಪ್ಟನ್ ಲಾಳ ನೋಡಲೆಂದು ತನ್ನದೇ ಕುದುರೆಯ ಹಿಂಗಾಲು ಎತ್ತಿದನಂತೆ, ಅದು ಒದೆಯಿತಂತೆ. ಮೂರು ದಿನ ಮಲಗಿದ್ದು ಸತ್ತ. ಆ ಮೂರು ದಿನವೂ ಊರಿನಲ್ಲಿ ಕುಡಿಯುತ್ತಿದ್ದಂಥ ಮಜ್ಜಿಗೆ ಬೇಕೆಂದು ಕೇಳಿದ. ದಂಡಿನವರು ರಮ್ ಕೊಟ್ಟರು.

"ನನ್ನ ಗೈಡ್‌ಗೆ ಆ ಹೊಳೆ ಅಂದ್ರೆ ಪ್ರಾಣ. ಥೀಸಿಸ್ ಟೈಟಲ್‌ನಲ್ಲೇ ವೀರ ಅಂತಿದೆ. ಕುದುರೆ ಒದ್ದು ಸತ್ತ ಅಂತ ಹೇಗೆ ಬರೀಲಿ ಅಪ್ಪ? ಎಲ್ಲರೂ ನಗ್ತಾರೆ. ಪಾಪ, ಅವನಿಗೆ ಅವಮಾನ ಅಲ್ವಾ?"

ಮೇಲಿನವರಿಗೆ ಏನು ಇಷ್ಟವೋ ಅದನ್ನೇ ಮೂವತ್ತೇಳು ವರ್ಷ ಬರೆದವರು ಚಿದಂಬರ. ಕಳೆದ ವರ್ಷ ಬಚ್ಚಲಲ್ಲಿ ಜಾರಿ ಭುಜ ಮುರಿದುಕೊಂಡಾಗ, ಮೆಟ್ರೋದಲ್ಲಿ ಯಾರನ್ನೋ ಉಳಿಸಲು ಹೋಗಿ ಆಯಿತೆಂದು ಸ್ನೇಹಿತರಿಗೆಲ್ಲ ಸುಳ್ಳು ಹೇಳಿದ್ದರು.

"ಒದ್ದಿದ್ದನ್ನೇ ಬರಿ ಮಗಳೇ," ಎಂದರು. "ಹೊಳೇಲಿ ಸತ್ತ ಅಂತ ಬರೆದ್ರೆ, ಮಜ್ಜಿಗೆ ಕೇಳಿದವನು ಯಾರು ಹಾಗಾದ್ರೆ? ಅವನು ಯಾರಿಗೂ ಗೊತ್ತಾಗೋದೇ ಇಲ್ಲವಲ್ಲ."

ಶೈಲಜಾ ಅಷ್ಟರಲ್ಲಿ ಕೆಳಗೆ ಓಡಿ ಲೋಟ ಹಿಡಿದು ಏದುಸಿರು ಬಿಡುತ್ತ ಬಂದಿದ್ದರು. "ಉಪ್ಪು ಹಾಕಿಲ್ಲ ಕಣೆ. ಅವರ ಕಡೆ ಹೇಗೋ ಏನೋ."

ಹರ್ಷಿಣಿ ಲೋಟ ಇಸಿದುಕೊಂಡು ಎಲೆಯ ಮೇಲೆ ತಾನೇ ಮಜ್ಜಿಗೆ ಎರೆದಳು. "ಇದ್ದಿದ್ದು ಇದ್ದ ಹಾಗೇ ಬರೀತೀನಿ. ಪಕ್ಕಾ," ಎಂದಳು.

ಕಾಗೆ ಇಳಿಯಿತು. ವಡೆಯನ್ನು ಬಳಸಿ ಹೋಗಿ, ಪಿಂಡದ ಸುತ್ತ ನಿಂತಿದ್ದ ಮಜ್ಜಿಗೆಗೆ ಕೊಕ್ಕು ಅದ್ದಿ, ತಲೆಯೆತ್ತಿ ಗುಟುಕರಿಸಿತು. ಮತ್ತೆ ಅದ್ದಿತು. ಫೋನಿನೊಳಗೆ ಶಾಸ್ತ್ರಿಗಳು, "ಮುಟ್ತಾ? ಮುಟ್ತಾ?" ಎನ್ನುತ್ತಿದ್ದರು.

ಸಂಜೆ ಹರ್ಷಿಣಿ ಕೊನೆಯ ಅಧ್ಯಾಯದ ಮೊದಲ ಪುಟ ತಂದುಕೊಟ್ಟಳು. ಚಿದಂಬರ ಅಭ್ಯಾಸಬಲದಿಂದ ಪೆನ್ನಿನ ಮುಚ್ಚಳ ತೆಗೆದು ಓದಿದರು. 'ಕ್ಯಾಪ್ಟನ್ ಡೆವ್ಲಿನ್ ಯುದ್ಧದಲ್ಲಿ ಸಾಯಲಿಲ್ಲ. ಅವನಿಗೆ ಬಾಯಾರಿತ್ತು.' ಎರಡು ಸಲ ಓದಿ ಮುಚ್ಚಳ ಹಾಕಿದರು. ಅವರ ಕೈಗೆ ಬಂದು ತಿದ್ದಿಸಿಕೊಳ್ಳದೆ ಹೋದ ಕರಡು ಅದೊಂದೇ.