ಮೇಷ್ಟ್ರು ತೋರಿಸಿದ ಮೂಲೆ

ಸಾಮಾನು ತುಂಬಿದ ಪೆಟ್ಟಿಗೆಗಳನ್ನು ಎತ್ತರದಿಂದ ಬೀಳಿಸಿ, ಒಳಗಿನದು ಉಳಿಯಿತೇ ಎಂದು ನೋಡುವುದು ಅವಳ ಕೆಲಸ. ಹಾಗಾಗಿ ಲ್ಯಾಬಿನಲ್ಲಿ ಎಲ್ಲರಿಗೂ ಅವಳು ಕೆಡವಕ್ಕ. ಮನೆಯಲ್ಲಿ ಲೋಟ ಕೈಜಾರಿದರೆ ಸಾಕು, ಆಫೀಸಿನ ಕೆಲಸ ಮನೆಗೆ ತರಬೇಡ ಎಂದು ಅವಳಮ್ಮ ಛೇಡಿಸುತ್ತಿದ್ದಳು.

ಕೈಹಿಡಿದು ಕಲಿಸಿದವರು ಲ್ಯಾಬಿನ ಹಿರಿಯರು. ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅಪ್ಪ ತೀರಿಕೊಂಡ ಹೊಸತರಲ್ಲಿ ಕೆಲಸಕ್ಕೆ ಸೇರಿದ್ದ ಅವಳನ್ನು ಮೇಷ್ಟ್ರೂ ಅವರ ಹೆಂಡತಿಯೂ ಮಗಳಂತೆ ನೋಡಿಕೊಂಡರು. ಅಂಟಿನ ಜೋಡಣೆ ಇರುವ ಕೆಳಮೂಲೆಯೇ ಪೆಟ್ಟಿಗೆಯ ದುರ್ಬಲ ಜಾಗ, ಮೊದಲು ಅದರ ಮೇಲೆ ಬೀಳಿಸು, ಆಮೇಲೆ ಅಲ್ಲಿ ಕೂಡುವ ಅಂಚುಗಳ ಮೇಲೆ, ಕೊನೆಗೆ ಮಗ್ಗುಲುಗಳ ಮೇಲೆ ಎಂದು ಅವರು ಹೇಳಿಕೊಟ್ಟಿದ್ದರು. ಪರೀಕ್ಷೆಯ ನಿಯಮವೂ ಅದೇ ಆಗಿತ್ತು. ಅವಳಿಗೆ ಮಾತ್ರ ಅದು ಮೇಷ್ಟ್ರ ಮಾತು, ವೇದವಾಕ್ಯ.

ನಿವೃತ್ತರಾದ ಮೇಲೆ ಮೇಷ್ಟ್ರು ಪೆಟ್ಟಿಗೆ ತಯಾರಿಸುವ ಕಂಪನಿಯೊಂದನ್ನು ಸೇರಿದರು. ಎಳೆಗೂಸುಗಳ ಉಸಿರಾಟ ಗಮನಿಸುವ ಯಂತ್ರಗಳನ್ನು ಆಸ್ಪತ್ರೆಗಳಿಗೆ ಸಾಗಿಸಲು ಹೊಸ ಪೆಟ್ಟಿಗೆ ಮಾಡಿ ಪರೀಕ್ಷೆಗೆ ತಾವೇ ತಂದರು. ಅವಳು ಕಲಿತಂತೆಯೇ ಬೀಳಿಸಿದಳು. ಯಂತ್ರಕ್ಕೆ ಗೀರೂ ಆಗಲಿಲ್ಲ; ಲ್ಯಾಬು ಮಂಜೂರಾತಿಯ ಮುದ್ರೆ ಒತ್ತಿತು. ಅವಳ ಕಣ್ಣಲ್ಲಿ ಮೇಷ್ಟ್ರು ಇನ್ನೊಂದು ಗೇಣು ಎತ್ತರವಾದರು.

ಕೆಲವು ತಿಂಗಳಾದ ಮೇಲೆ ನರ್ಸ್ ಆಗಿದ್ದ ಅವಳಕ್ಕ ಫೋನ್ ಮಾಡಿದಳು. ತಮ್ಮ ಆಸ್ಪತ್ರೆಗೆ ಬಂದ ಯಂತ್ರಗಳಲ್ಲಿ ಅರ್ಧಕ್ಕರ್ಧ ಒಡೆದಿದ್ದವಂತೆ. ಒಂದು ಕೂಸಿನ ಪಕ್ಕ ತಾನೇ ಕೂತು, ಅದರ ಎದೆ ಏರಿಳಿಯುವುದನ್ನು ನೋಡುತ್ತ ಪಾಳಿ ಮುಗಿಸಿದಳಂತೆ.

"ಪೆಟ್ಟಿಗೆ ಮೇಲೆ ನಿಮ್ಮ ಲ್ಯಾಬಿನ ಮುದ್ರೆ ಇದೆ ಕಣೇ," ಎಂದಳು ಅಕ್ಕ.

ಕೆಡವಕ್ಕ ಆಸ್ಪತ್ರೆಯಿಂದ ಪೆಟ್ಟಿಗೆಯೊಂದನ್ನು ತರಿಸಿ ಸೀಳಿದಳು. ಅವಳು ಬೀಳಿಸುವ ಮೂಲೆಗೂ ಅಲ್ಲಿನ ಅಂಚುಗಳಿಗೂ ದಪ್ಪ ಸ್ಪಂಜು ಒತ್ತಾಗಿ ತುಂಬಿತ್ತು. ಎದುರು ಮೂಲೆಯಲ್ಲಿ ಹೆಸರಿಗೊಂದು ತೆಳು ಹಾಳೆ. ಯಂತ್ರವಿದ್ದ ಅಂಥದೇ ಇನ್ನೊಂದು ಪೆಟ್ಟಿಗೆಯನ್ನು ಎದುರು ಮೂಲೆಯ ಮೇಲೆ ಬೀಳಿಸಿದಳು. ಒಳಗೆ ಗಾಜು ಪುಡಿಯಾದ ಸದ್ದು ಕೇಳಿತು.

ನೇರ ಮೇಷ್ಟ್ರ ಮನೆಗೆ ಹೋದಳು. ಅವರು ವರಾಂಡದಲ್ಲಿ ಪೇಪರ್ ಓದುತ್ತಿದ್ದರು. ಎದುರು ಮೂಲೆ ಯಾಕೆ ಖಾಲಿ ಎಂದು ಕೇಳಿದ್ದಕ್ಕೆ, ಖರ್ಚು ಇಳಿಸಿ ಅಂತ ಕಂಪನಿಯವರು ತಲೆ ತಿಂದರು, ನಾನು ನಿಯಮ ಮೀರಿಲ್ಲವಲ್ಲ ಎಂದರು.

"ನಾನು ಯಾವ ಮೂಲೆ ಹಿಡೀತೀನಿ ಅಂತ ನಿಮಗೆ ಗೊತ್ತಿತ್ತು, ಮೇಷ್ಟ್ರೇ."

"ನಾನೇ ಹೇಳಿಕೊಟ್ಟಿದ್ದಲ್ವೇನಮ್ಮ," ಎಂದರು ಅವರು, ಎಂದಿನ ಮೆದು ದನಿಯಲ್ಲೇ. "ಇದೊಂದ್ಸಲ ಹೊಟ್ಟೆಗೆ ಹಾಕ್ಕೋ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಕಲಿಸುವಾಗಿನ ಅದೇ ದನಿಯನ್ನು ತಡೆದುಕೊಳ್ಳಲಾಗಲಿಲ್ಲ. ಒಳಗಿನಿಂದ ಕಾಫಿ ತಂದ ಅವರ ಹೆಂಡತಿ, ಯಾಕೆ ಮುಖ ಬಾಡಿದೆ ಎಂದು ಕೇಳಿದರು. ಕಾಫಿ ಮುಟ್ಟದೆ ಎದ್ದುಬಂದಳು.

ಮರುದಿನ ಲ್ಯಾಬಿನ ಮುಖ್ಯಸ್ಥರ ಮುಂದೆ ಎಲ್ಲವನ್ನೂ ಹೇಳಿದಳು. ಮೇಷ್ಟ್ರ ಹೆಸರನ್ನೂ ಮುಚ್ಚಿಡಲಿಲ್ಲ. ಮಂಜೂರಾತಿ ರದ್ದಾಯಿತು, ಪೆಟ್ಟಿಗೆಗಳು ವಾಪಸಾದವು, ಕಂಪನಿ ಮೇಷ್ಟ್ರನ್ನು ಕೈಬಿಟ್ಟಿತು.

ಒಂದು ಸಂಜೆ ಅವರ ಹೆಂಡತಿ ಫೋನ್ ಮಾಡಿದರು.

"ಸ್ವಲ್ಪ ದಿನ ಮನೆ ಕಡೆ ಬರಬೇಡ ಮಗಳೇ. ಅವರು ನಿನ್ನ ಮುಖ ನೋಡಲ್ಲ ಅಂತಿದಾರೆ."

"ನಾನೇನು ತಪ್ಪು ಮಾಡಿದೆ, ಅಮ್ಮ?"

"ಊಟ ಆಯ್ತಾ ಮಗಳೇ?" ಎಂದು ಕೇಳಿದರು ಅವರು. ಫೋನು ಇಡಲು ಇಬ್ಬರಿಗೂ ಮನಸ್ಸಾಗಲಿಲ್ಲ.