ಮೂರನೆಯ ತಪ್ಪು

ಆ ಹಾಳೆಯನ್ನು ಓದಿ ಸಹಿ ಹಾಕಬೇಕಿತ್ತು. ಓದಲಿಲ್ಲ.

ಮುಖ್ಯೋಪಾಧ್ಯಾಯಿನಿಯಾದ ವರ್ಷವೇ ನಾನೊಂದು ಪದ್ಧತಿ ಶುರುಮಾಡಿದ್ದೆ. ಹೊಸ ಶಿಕ್ಷಕರು ವಾರಕ್ಕೊಂದು ದಿನ ಹಳಬರ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡಬೇಕು, ಕಂಡದ್ದನ್ನು ಬರೆದುಕೊಳ್ಳಬೇಕು. ಅವರು ಕಲಿಯಲಿ ಎಂದಷ್ಟೇ ಮಾಡಿದ್ದು. ಆದರೆ ಮೇಲಿನ ಕಚೇರಿಯವರು ಆ ಹಾಳೆಗಳನ್ನು ಕೇಳಿದಾಗ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಹದಿನಾಲ್ಕು ಹಾಳೆಗೂ ಒಂದೇ ಉಸಿರಿಗೆ ಸಹಿ ಹಾಕಿ ಕಳಿಸಿಬಿಟ್ಟೆ.

ಹತ್ತು ದಿನದಲ್ಲಿ ಉತ್ತರ ಬಂತು. ಗಣಿತದ ಮೇಷ್ಟ್ರು ಒಂದೇ ಪಾಠದಲ್ಲಿ ಬೋರ್ಡಿನ ಮೇಲೆ ಮೂರು ತಪ್ಪು ಬರೆದಿದ್ದಾರೆ. ಅವರಿಂದ ಹತ್ತನೆಯ ತರಗತಿಯನ್ನು ಬಿಡಿಸಿ, ಸೋಮವಾರದೊಳಗೆ ತಿಳಿಸಬೇಕು.

ಮೇಷ್ಟ್ರು ಬೇಕೆಂದೇ ತಪ್ಪು ಬರೆಯುತ್ತಾರೆಂಬುದು ನಮ್ಮ ಶಾಲೆಯ ಗೋಡೆಗೂ ಗೊತ್ತು. ಮಕ್ಕಳು ಕಣ್ಣು ಮಿಟುಕಿಸದೆ ಕಾಯುತ್ತಾರೆ. ತಪ್ಪು ಹಿಡಿದವರು ಎದ್ದುಬಂದು ಅಳಿಸಿ ತಿದ್ದಬೇಕು. ಹಗಲು ಪಾಠ ಮಾಡಿ ಸಂಜೆ ಕಾಲೇಜಿಗೆ ಓಡುತ್ತಿದ್ದ ದಿನಗಳಲ್ಲಿ ನಾನು ಕಲಿಸುವುದನ್ನು ಕಲಿತದ್ದೂ ಅವರ ಹಿಂದಿನ ಬೆಂಚಿನಲ್ಲೇ. ಈ ತಪ್ಪುಗಳ ವಿಷಯ ಆ ಹಾಳೆ ಬರೆದ ಹೊಸ ಟೀಚರಿಗೆ ಹೇಳಬೇಕೆಂದು ನನಗೆ ಹೊಳೆದಿರಲಿಲ್ಲ.

ಅವಳನ್ನು ಕರೆಸಿದೆ.

"ನಾನು ದೂರು ಬರೆದಿದ್ದಲ್ಲ ಮೇಡಂ. ಕಂಡಿದ್ದು ಬರಿ ಅಂದ್ರಿ, ಬರೆದೆ. ಇನ್ನು ಸರ್‌ಗೆ ಹೇಗೆ ಮುಖ ತೋರಿಸ್ಲಿ?"

"ಹಾಳೆ ನಿಂದು, ಸಹಿ ನಂದು. ಬಾ, ಇಬ್ಬರೂ ಹೋಗೋಣ."

ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಊಟ ಮುಗಿಸಿ ಡಬ್ಬಿ ಒರೆಸುತ್ತಿದ್ದರು. ಪತ್ರ ಓದಿ ನಕ್ಕರು.

"ಹೆಡ್ ಮೇಡಂ ತಾವೇ ನಡ್ಕೊಂಡು ಬಂದ್ರಲ್ಲ, ಮುಂದೆ ಬರೋ ಪಿಂಚಣಿಗೇ ಕಲ್ಲು ಬಿತ್ತೇನೋ ಅಂದ್ಕೊಂಡೆ. ಬೇಕಂತಲೇ ಮಾಡಿದ್ದು ಅಂತ ಒಂದು ಸಾಲು ಗೀಚಿ ಕಳಿಸಮ್ಮ."

"ಹಾಗೇ ಬರೀತೀನಿ ಸರ್. ಮೂರೂ ಬೇಕಂತಲೇ ಮಾಡಿದ್ದು ಅಂತ."

"ಮೂರಾ?" ಅವರ ಕೈ ಡಬ್ಬಿಯ ಮೇಲೆ ನಿಂತಿತು. "ನಾನು ಎರಡು ದಾಟಲ್ಲ. ಮಕ್ಕಳಿಗೆ ಗೊಂದಲ ಆಗುತ್ತೆ. ಮೂರನೇದು ಯಾವುದು ತಾಯಿ?"

ಹೊಸ ಟೀಚರ್ ನನ್ನ ಮುಖ ನೋಡಿದಳು. ಸುಮ್ಮನಿರು ಎಂದು ಕಣ್ಸನ್ನೆ ಮಾಡಬಹುದಿತ್ತು. ನಾನು ತಲೆ ತಗ್ಗಿಸಿದೆ.

"ಕೊನೇ ಲೆಕ್ಕ ಸರ್. ಮೈನಸ್ ಬಿಟ್ಟುಹೋಗಿತ್ತು. ಯಾರೂ ಹಿಡೀಲಿಲ್ಲ, ಹಾಗೇ ಬರ್ಕೊಂಡ್ರು."

"ನೀನು ಯಾಕೆ ಕೈ ಎತ್ತಲಿಲ್ಲ?"

"ನಿಮ್ಮನ್ನ ನಾನು ಹೇಗೆ ತಿದ್ದೋದು ಸರ್..."

"ಹಾಳೆಯಲ್ಲಿ ಬರೆಯೋಕೆ ಧೈರ್ಯ ಬಂತಲ್ಲ" ಎಂದರು. ಅವಳ ಕಣ್ಣು ತುಂಬಿದ್ದು ನೋಡಿ, "ಹೋಗ್ಲಿ ಬಿಡು. ನಲವತ್ತು ಪುಸ್ತಕದಲ್ಲಿ ತಪ್ಪು ಲೆಕ್ಕ ಕೂತಿದೆ, ಮೊದಲು ಅದನ್ನ ನೋಡೋಣ" ಎಂದು ಎದ್ದರು. ಬಾಗಿಲಲ್ಲಿ ನಿಂತು, "ಹತ್ತನೇ ಕ್ಲಾಸು ನನ್ನಿಂದ ಬಿಡಿಸೋದಾದ್ರೆ ಬಿಡಿಸಮ್ಮ. ಅವರು ಹೇಳಿದ್ದೂ ನಿಜ ಇರಬಹುದು" ಎಂದರು.

ಮೂರು ಸಲ ಪತ್ರ ಬರೆದು ಹರಿದೆ. ಸುಳ್ಳು ಬರೆದರೆ ಅವರ ತರಗತಿ ಉಳಿಯುತ್ತದೆ, ನಿಜ ಬರೆದರೆ ಹೋಗುತ್ತದೆ ಎಂದೇ ತೋರುತ್ತಿತ್ತು. ಕೊನೆಗೆ ನಿಜವನ್ನೇ ಬರೆದೆ: ಎರಡು ಬೇಕೆಂದು, ಒಂದು ಕೈತಪ್ಪಿ. ಹಾಳೆಗಳು ಕಲಿಕೆಗಾಗಿ ಇದ್ದವು, ನಾನು ಓದದೆ ಸಹಿ ಹಾಕಿದೆ; ವಿಚಾರಿಸುವುದಾದರೆ ಮೊದಲು ನನ್ನನ್ನು ವಿಚಾರಿಸಬೇಕು. ಪರೀಕ್ಷೆಯವರೆಗೆ ಆ ತರಗತಿಯನ್ನು ಮೇಷ್ಟ್ರು, ಹೊಸ ಟೀಚರ್ ಇಬ್ಬರೂ ಸೇರಿ ನಡೆಸುತ್ತಾರೆ.

ಕಚೇರಿಯವರು ಒಪ್ಪಿದರು, ನನಗೊಂದು ಎಚ್ಚರಿಕೆ ಪತ್ರದೊಂದಿಗೆ. ಅದನ್ನು ಓದಿದಾಗ ನನಗೆ ಸಮಾಧಾನವೇ ಆಯಿತು.

ಆದರೆ ಮೇಷ್ಟ್ರು ಈಗ ಪ್ರತಿ ಸಾಲು ಬರೆದ ಮೇಲೂ ಹಿಂದಿನ ಬೆಂಚಿನ ಕಡೆ ನೋಡುತ್ತಾರೆ. ಹೊಸ ಟೀಚರ್ ತಲೆಯಾಡಿಸಿದ ಮೇಲೆ ಮುಂದಿನ ಸಾಲು. ಬೇಕೆಂದು ತಪ್ಪು ಬರೆಯುವುದನ್ನು ನಿಲ್ಲಿಸಿದ್ದಾರೆ. ಮಕ್ಕಳು ಒಂದು ವಾರ ಕಾದು, ಆಮೇಲೆ ಸುಮ್ಮನೆ ಬರೆದುಕೊಳ್ಳತೊಡಗಿದರು. ಉಳಿಸಿದೆನೋ ಕಳೆದೆನೋ, ನನಗೆ ತಿಳಿಯುತ್ತಿಲ್ಲ.

ನಿನ್ನೆ ಎಂಟನೆಯ ತರಗತಿಯ ಮುಂದೆ ಹಾಯುತ್ತಿದ್ದೆ. ಒಳಗೆ ಹೊಸ ಟೀಚರ್ ಒಬ್ಬಳೇ ಲೆಕ್ಕ ಬಿಡಿಸುತ್ತಿದ್ದಳು. ನಾಲ್ಕನೆಯ ಸಾಲಿನಲ್ಲಿ ಒಂದು ತಪ್ಪಿತ್ತು. ಅವಳು ಸೀಮೆಸುಣ್ಣ ಕೆಳಗಿಟ್ಟು, ಮಕ್ಕಳ ಕಡೆ ತಿರುಗಿ, ಏನೂ ಹೇಳದೆ ಕಾಯುತ್ತ ನಿಂತಳು.

ಕಿಟಕಿಯ ಪಕ್ಕದಿಂದ ಒಂದು ಕೈ ಮೇಲೆದ್ದಿತು.